ಪ್ರಯೋಗಾಲಯಕ್ಕೆ ಬೀಗ ಹಾಕಿದರೆ ಫಲಿತಾಂಶ ಏರುತ್ತದೆಯೇ?

ಮಾನ್ಯರೇ,

ನಮ್ಮ ಬಡಾವಣೆಯ ಶಾಲೆಯಲ್ಲಿ ಹತ್ತನೇ ತರಗತಿಯ ಪ್ರಯೋಗದ ಅವಧಿಗಳನ್ನು ರದ್ದು ಮಾಡಿ, ಕೊಠಡಿಗೆ ಬೀಗ ಹಾಕಿ, ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರಗಳ 'ಪಾಸಿಂಗ್ ಪ್ಯಾಕೇಜ್' ಉರು ಹೊಡೆಸುತ್ತಿರುವ ಸುದ್ದಿ ನಿನ್ನೆಯ ಪತ್ರಿಕೆಯಲ್ಲಿ ಓದಿದೆ. 'ಫಲಿತಾಂಶ ಹೆಚ್ಚಿಸಲು ಈ ಕ್ರಮ' ಎಂಬ ಸಮಜಾಯಿಷಿ ನೋಡಿ ಮೈ ಉರಿಯಿತು.

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಪ್ರಯೋಗವೆಂದರೆ ಆ 20ರ ವ್ಯವಹಾರ ಎಂದು ಇವರು ತಿಳಿದಂತಿದೆ. ಚಿತ್ರ ಬರೆಯಿರಿ, ಕಾರಣ ಕೊಡಿ, ಏನನ್ನು ಗಮನಿಸುವಿರಿ ಎಂಬ ಪ್ರಶ್ನೆಗಳೆಲ್ಲ ಆ 80ರಲ್ಲೇ ಬರುತ್ತವೆ.

ವಿದ್ಯುತ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ವಿದ್ಯುದ್ವಿಭಜನೆಯನ್ನೇ ನೋಡಿ. ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು, ರಬ್ಬರ್ ಬಿರಡೆ, ಹಳೆಯ ಸೆಲ್ಲಿನಿಂದ ತೆಗೆದ ಎರಡು ಕಾರ್ಬನ್ ಕಡ್ಡಿ, 6 ವೋಲ್ಟ್ ಬ್ಯಾಟರಿ. ನೀರಿಗೆ ಕೆಲವು ಹನಿ ಸಾರರಿಕ್ತ (ನೀರು ಬೆರೆತು ತೆಳುವಾದ) ಸಲ್ಫ್ಯೂರಿಕ್ ಆಮ್ಲ. ಪ್ರನಾಳಗಳಲ್ಲಿ (ಟೆಸ್ಟ್ ಟ್ಯೂಬ್) ಒಂದು ಗುಳ್ಳೆಯೂ ಉಳಿಯದಂತೆ ನೀರು ತುಂಬಿ ಕಡ್ಡಿಗಳ ಮೇಲೆ ಕವುಚಬೇಕು; ಗುಳ್ಳೆ ಉಳಿದರೆ ಅಳತೆ ಮೊದಲೇ ಕೆಟ್ಟಂತೆ. ಆಮ್ಲ ಸಿಗಲಿಲ್ಲವೆಂದು ಅಡುಗೆ ಉಪ್ಪು ಹಾಕುವವರಿದ್ದಾರೆ. ಆಗ ಆನೋಡಿನಲ್ಲಿ, ಅಂದರೆ ಬ್ಯಾಟರಿಯ ಧನ ತುದಿಗೆ ಜೋಡಿಸಿದ ಕಡ್ಡಿಯಲ್ಲಿ, ಕ್ಲೋರಿನ್ ಬಂದು ಹೈಡ್ರೋಜನ್-ಆಕ್ಸಿಜನ್‌ಗಳ 2:1ರ ಲೆಕ್ಕವೇ ತಪ್ಪುತ್ತದೆ. ಸರಿಯಾಗಿ ಮಾಡಿದರೂ ಆಕ್ಸಿಜನ್ ಹೈಡ್ರೋಜನ್ನಿನ ಅರ್ಧಕ್ಕಿಂತ ತುಸು ಕಡಿಮೆಯೇ ಕಾಣುತ್ತದೆ, ಏಕೆಂದರೆ ಸ್ವಲ್ಪ ನೀರಿನಲ್ಲಿ ಕರಗುತ್ತದೆ, ಸ್ವಲ್ಪ ಕಾರ್ಬನ್ನಿನೊಂದಿಗೆ ವರ್ತಿಸುತ್ತದೆ. ಇದನ್ನು ಒಮ್ಮೆ ಕಣ್ಣಾರೆ ಕಂಡ ಹುಡುಗಿಗೆ ಕ್ಯಾಥೋಡಿನಲ್ಲಿ (ಋಣ ತುದಿಯ ಕಡ್ಡಿಯಲ್ಲಿ) ಯಾವ ಅನಿಲ, ಆಮ್ಲ ಯಾಕೆ ಹಾಕಬೇಕು ಎಂದು ಉರು ಹೊಡೆಸುವ ಅಗತ್ಯವೇ ಇಲ್ಲ. ಪ್ಯಾಕೇಜ್ ಓದಿದವರು ಚಿತ್ರ ಚೆನ್ನಾಗಿ ಬರೆದು ಹೆಸರುಗಳನ್ನು ಅದಲು ಬದಲು ಮಾಡಿ ಅಂಕ ಕಳೆದುಕೊಳ್ಳುತ್ತಾರೆ.

ಎಲೆ ಪಿಷ್ಟ ತಯಾರಿಸಲು ಬೆಳಕು ಬೇಕೆಂದು ತೋರಿಸುವ ಪಿಷ್ಟ ಪರೀಕ್ಷೆಯದೂ ಇದೇ ಗೋಳು. ಗಿಡವನ್ನು ಮೂರು ದಿನ ಕತ್ತಲಲ್ಲಿ ಇಡದೆ ಎಲೆಗೆ ಕಪ್ಪು ಕಾಗದ ಸುತ್ತಿದರೆ, ಸುತ್ತಿದ ಭಾಗವೂ ಅಯೋಡಿನ್‌ಗೆ ಕಪ್ಪುನೀಲಿಯಾಗುತ್ತದೆ. ಹಳೆಯ ಪಿಷ್ಟ ಖಾಲಿಯಾಗಿರುವುದಿಲ್ಲವಲ್ಲ! ಎಲೆಯ ಹಸಿರು ಇಳಿಸುವ ಆಲ್ಕೋಹಾಲನ್ನು ನೇರ ಉರಿಯ ಮೇಲಿಟ್ಟರೆ ಆವಿಗೆ ಬೆಂಕಿ ಹತ್ತುತ್ತದೆ; ಬಿಸಿನೀರಿನ ಪಾತ್ರೆಯೊಳಗೇ ಇಟ್ಟು ಕಾಯಿಸಬೇಕು. ದಪ್ಪ ಎಲೆಯಾದರೆ ಹಸಿರು ಪೂರ್ತಿ ಇಳಿಯುವ ತನಕ ಕಾಯಬೇಕು, ಅವಸರಪಟ್ಟರೆ ಬಣ್ಣ ತಿಳಿಯುವುದಿಲ್ಲ. ವೋಲ್ಟೇಜ್ ಏರಿದಂತೆ ವಿದ್ಯುತ್ ಪ್ರವಾಹವೂ ಏರುತ್ತದೆ ಎನ್ನುವ ಓಮನ ನಿಯಮಕ್ಕೂ ಅರ್ಧ ಮೀಟರ್ ನಿಕ್ರೋಮ್ ತಂತಿ, 1.5 ವೋಲ್ಟಿನ ನಾಲ್ಕು ಸೆಲ್ ಸಾಕು. ಪ್ರವಾಹ ಅಳೆಯುವ ಅಮ್ಮೀಟರನ್ನು ಸಮಾಂತರವಾಗಿ ಜೋಡಿಸಿದರೆ ಸುಟ್ಟೀತು ಎಂಬ ಭಯಕ್ಕೆ ಅದನ್ನು ಪೆಟ್ಟಿಗೆಯಿಂದ ತೆಗೆಯದೇ ಇರುವುದೆಂದರೆ ಏನರ್ಥ? ಸರಣಿ ಯಾವುದು, ಸಮಾಂತರ ಯಾವುದು ಎಂದು ಪರೀಕ್ಷೆಯಲ್ಲಿ ಕೇಳುವುದೇ ಅದನ್ನು.

ಸೋಪಿನ ಚಟುವಟಿಕೆಗಂತೂ ನಯಾಪೈಸೆ ಖರ್ಚಿಲ್ಲ. ಒಂದು ಪ್ರನಾಳಕ್ಕೆ 10 ಮಿಲಿ ಮಳೆನೀರು, ಇನ್ನೊಂದಕ್ಕೆ 10 ಮಿಲಿ ಬೋರ್‌ವೆಲ್ ನೀರು, ಎರಡಕ್ಕೂ ಎರಡೆರಡು ಹನಿ ಸೋಪಿನ ದ್ರಾವಣ ಹಾಕಿ ಕುಲುಕಿ, ನೊರೆ ಯಾವುದರಲ್ಲಿ ಹೆಚ್ಚೆಂದು ನೋಡಿದರೆ ಆಯಿತು. ಚಿತ್ರದುರ್ಗದಲ್ಲಿ ಗಡಸು ನೀರಿಗೇನು ಬರವೇ?

ಇದರ ಬದಲು ನಡೆಯುತ್ತಿರುವುದು ಕತ್ತಲಾಗುವವರೆಗೆ ವಿಶೇಷ ತರಗತಿ. ತುರುವನೂರು, ಭರಮಸಾಗರದ ಕಡೆಯ ಮಕ್ಕಳು ಹಸಿದುಕೊಂಡು ಬಸ್ಸಿಗೆ ಕಾಯುತ್ತಾರೆ. ಪೋಷಕರಾದ ನಾವು ಕೆಲಸ ಬಿಟ್ಟು ಗೇಟಿನ ಮುಂದೆ ಬೈಕ್ ನಿಲ್ಲಿಸಿಕೊಂಡಿರಬೇಕು. ಜೆರಾಕ್ಸಿಗೆಂದು ವಾರವಾರವೂ ದುಡ್ಡು. ಅಲ್ಲಿ ನಿಲ್ಲೋಣವೆಂದರೆ ಪೈಪಿಗೆಂದು ಅಗೆದ ರಸ್ತೆ ಹಾಗೇ ಬಿದ್ದಿದೆ, ಬೀದಿದೀಪ ಉರಿಯುವುದಿಲ್ಲ. ಈ ಬಗ್ಗೆ ಕೊಟ್ಟ ಅರ್ಜಿಗೆ ಹಿಂಬರಹವೂ ಬಂದಿಲ್ಲ. ಪ್ರಯೋಗಾಲಯದ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಹೇಳಿದ್ದಕ್ಕೂ ಇದೇ ಗತಿ. ತಪಾಸಣೆಗೆ ಬರುವ ಅಧಿಕಾರಿಗಳು ಹಾಜರಿ ಪುಸ್ತಕ, ಶೇಕಡಾವಾರು ಪಟ್ಟಿ ನೋಡಿ ಜೀಪು ಹತ್ತುತ್ತಾರೆ. ಒಂದು ಪ್ರನಾಳವನ್ನಾದರೂ ಕೈಯಲ್ಲಿ ಹಿಡಿದು ನೋಡಿದ್ದುಂಟೇ?

ನಮ್ಮದೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣವಿದೆ, ವಿಜ್ಞಾನ ಶಿಕ್ಷಕರಿಗೆ ಪ್ರಯೋಗಗಳ ತರಬೇತಿ ಕೊಡುವ ಕೇಂದ್ರವೂ ಅಲ್ಲಿದೆ. ತರಬೇತಿ ಪಡೆದು ಬಂದ ಶಿಕ್ಷಕರ ಕೈಗೆ ಕೊಠಡಿಯ ಕೀಲಿ ಕೊಡದಿದ್ದರೆ ಅವರು ಏನು ಮಾಡಬೇಕು?

ಸಂಬಂಧಪಟ್ಟವರು ಕೂಡಲೇ ಬೀಗ ತೆಗೆಸಿ, ವಾರಕ್ಕೆ ಎರಡು ಅವಧಿಯಾದರೂ ಪ್ರಯೋಗಕ್ಕೆ ಬಿಡಬೇಕು. ಶಾಲೆಯ ಮುಂದೆ ಅಗೆದ ರಸ್ತೆಯ ಗುಂಡಿಯನ್ನೂ ಮುಚ್ಚಿಸಬೇಕು. ಅಷ್ಟೂ ಆಗದಿದ್ದರೆ ಫಲಿತಾಂಶ ಕುಸಿದಾಗ ಶಿಕ್ಷಕರಿಗೆ ನೋಟಿಸ್ ಕೊಡುವುದನ್ನು, ಮಕ್ಕಳನ್ನು ದಡ್ಡರೆನ್ನುವುದನ್ನು ಮೊದಲು ನಿಲ್ಲಿಸಲಿ.

– ಒಬ್ಬ ಪೋಷಕ, ಚಿತ್ರದುರ್ಗ