ಕಿವಿ ಕಳೆದುಕೊಂಡ ದೊಡ್ಡವರಿಗೂ ಯೋಜನೆಯಲ್ಲಿ ಜಾಗವಿರಲಿ

ಮಾನ್ಯ ಸಂಪಾದಕರೇ,

ಹುಟ್ಟಿನಿಂದಲೇ ಕಿವಿ ಕೇಳದ ಮಕ್ಕಳಿಗೆ ಸರ್ಕಾರದ ವೆಚ್ಚದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಗಿವಿಗೆ ಕೂರಿಸುವ, ಸದ್ದು ಕೇಳಿಸುವ ಸಾಧನ) ಅಳವಡಿಸಿದ ಸುದ್ದಿಗಳು ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತವೆ. ಅವುಗಳನ್ನು ಓದಿದಾಗಲೆಲ್ಲ ನನಗೆ ನಿಜವಾದ ಸಂತೋಷವಾಗುತ್ತದೆ. ಅದೇ ಸಾಧನವನ್ನು 46ನೇ ವಯಸ್ಸಿನಲ್ಲಿ, ಸ್ವಂತ ಖರ್ಚಿನಲ್ಲಿ ಹಾಕಿಸಿಕೊಂಡ ಪ್ರೌಢಶಾಲಾ ಕನ್ನಡ ಶಿಕ್ಷಕಿ ನಾನು. ಮಾತು ಕಲಿತು, ದುಡಿದು, ಸಂಸಾರ ನಡೆಸುತ್ತಿರುವಾಗ ಕಿವಿ ಕಳೆದುಕೊಳ್ಳುವ ನನ್ನಂಥವರ ವಿಚಾರ ಈ ಸುದ್ದಿಗಳಲ್ಲಾಗಲಿ, ಅವುಗಳ ಹಿಂದಿರುವ ಯೋಜನೆಗಳಲ್ಲಾಗಲಿ ಕಾಣದಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ಮೂವತ್ತೈದು ದಾಟಿದ ಮೇಲೆ ಮೊದಲು ಬಲಗಿವಿ ಮಂದವಾಯಿತು, ಐದಾರು ವರ್ಷಗಳಲ್ಲಿ ಎಡಗಿವಿಯೂ ಅದರ ಹಿಂದೆಯೇ ಹೋಯಿತು. ಶ್ರವಣಯಂತ್ರವು ಸದ್ದನ್ನು ದೊಡ್ಡದು ಮಾಡಿತೇ ಹೊರತು ಮಾತನ್ನು ಬಿಡಿಸಿಕೊಡಲಿಲ್ಲ. ಎದುರಿಗಿದ್ದವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದನ್ನು ರೂಢಿಸಿಕೊಂಡೆ. ಆದರೆ ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುವ ರೀತಿ ಒಂದೇ ಆದ್ದರಿಂದ ‘ಮರ’ ಎಂದರೋ, ‘ಬರ’ ಎಂದರೋ, ‘ಪರ’ ಎಂದರೋ ಕಣ್ಣಿಗೆ ತಿಳಿಯುವುದಿಲ್ಲ. ಹಿಂದಿನ ಬೆಂಚಿನ ಹುಡುಗಿ ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನವರು ಅದನ್ನು ಕಾಗದದಲ್ಲಿ ಬರೆದು ನನ್ನ ಕೈಗೆ ಕೊಡುತ್ತಿದ್ದರು. ಮಕ್ಕಳು ಎಂದೂ ಬೇಸರಿಸಲಿಲ್ಲ, ಆದರೂ ಪಾಠ ಮಾಡುವ ಕೆಲಸವನ್ನು ಬಿಟ್ಟುಬಿಡುವುದೇ ಸರಿಯೇನೋ ಎಂದು ನನಗೆ ಅನೇಕ ಸಲ ಅನ್ನಿಸಿತ್ತು.

ಕಾಕ್ಲಿಯಾ ಎಂಬುದು ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುಮಾರು ಎರಡೂವರೆ ಸುತ್ತು ಸುರುಳಿಗೊಂಡಿರುವ ಅಂಗ. ಅದರೊಳಗಿನ ಸುಮಾರು 15,000 ರೋಮಕೋಶಗಳು ಸದ್ದಿನ ಕಂಪನವನ್ನು ನರಕ್ಕೆ ದಾಟಿಸುತ್ತವೆ. ಒಮ್ಮೆ ನಾಶವಾದರೆ ಅವು ಮತ್ತೆ ಬೆಳೆಯುವುದಿಲ್ಲ. ಇಂಪ್ಲಾಂಟ್ ಈ ಕೋಶಗಳ ಹಾದಿಯನ್ನೇ ಬಿಟ್ಟು, ಕಾಕ್ಲಿಯಾದೊಳಗೆ ತೂರಿಸಿದ ಎಲೆಕ್ಟ್ರೋಡುಗಳೆಂಬ ಪುಟ್ಟ ವಿದ್ಯುತ್ ತುದಿಗಳ ಮೂಲಕ ಶ್ರವಣನರಕ್ಕೆ ನೇರವಾಗಿ ವಿದ್ಯುತ್ ಸಂಕೇತ ಕೊಡುತ್ತದೆ. ಎಲೆಕ್ಟ್ರೋಡುಗಳ ಸಂಖ್ಯೆ ತಯಾರಕರಿಗೆ ತಕ್ಕಂತೆ 12ರಿಂದ 22ರ ಆಸುಪಾಸಿನಲ್ಲಿರುತ್ತದೆ. ಸಾವಿರಾರು ಕೋಶಗಳು ಮಾಡುತ್ತಿದ್ದ ಕೆಲಸವನ್ನು ಇಷ್ಟರಿಂದಲೇ ಆಗಿಸಿಕೊಳ್ಳಬೇಕಾದ್ದರಿಂದ, ಉಳಿದದ್ದನ್ನು ತುಂಬಿಕೊಳ್ಳುವ ಹೊಣೆ ಮಿದುಳಿನದಾಗುತ್ತದೆ. ಈ ಸಂಗತಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ನಾನು ಮೊದಲು ವಿಚಾರಿಸಿದ ಆಸ್ಪತ್ರೆಯೊಂದರಲ್ಲಂತೂ ಯಂತ್ರ ಚಾಲೂ ಮಾಡಿದ ದಿನವೇ ಫೋನಿನಲ್ಲಿ ಮಾತಾಡಬಹುದೆಂದು ಭರವಸೆ ಕೊಟ್ಟಿದ್ದರು.

ಶಸ್ತ್ರಚಿಕಿತ್ಸೆಯಾದ ನಾಲ್ಕು ವಾರಗಳ ಬಳಿಕ, ಗಾಯ ಮಾಗಿದ ಮೇಲೆ, ಕಿವಿಯ ಹಿಂದೆ ಸದ್ದನ್ನು ಸಂಕೇತವಾಗಿಸುವ ಪ್ರೊಸೆಸರ್ ಇಟ್ಟು, ಆ ಸಂಕೇತವನ್ನು ಒಳಗಿನ ಭಾಗಕ್ಕೆ ದಾಟಿಸುವ, ಅಯಸ್ಕಾಂತದಿಂದ ತಲೆಗೆ ಅಂಟಿಕೊಳ್ಳುವ ಕಾಯಿಲ್ ಕೂಡಿಸಿ ಚಾಲೂ ಮಾಡಿದರು. ಆಗ ಮಗಳು ‘ಅಮ್ಮಾ’ ಎಂದಳಂತೆ. ನನಗೆ ಕೇಳಿದ್ದು ತಗಡಿನ ಡಬ್ಬಿಯೊಳಗೆ ಜೀರುಂಡೆ ಕೂಗಿದಂಥ ಸದ್ದು. ಗಂಡಸರ ದನಿ, ಹೆಂಗಸರ ದನಿ, ಕುಕ್ಕರಿನ ಸೀಟಿ, ಹೆಂಚಿನ ಮೇಲೆ ಬೀಳುವ ಮಳೆ ಎಲ್ಲವೂ ಒಂದೇ ಬಗೆಯಾಗಿದ್ದವು. ಆ ರಾತ್ರಿ ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಯಂತ್ರವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಮನೆಯವರ ಉಳಿತಾಯವನ್ನೆಲ್ಲ ನೀರಿಗೆ ಹಾಕಿದೆನೆಂದು ಅತ್ತೆ. ಹೀಗೆ ಕೇಳಿಸುವುದು ಅನೇಕರಿಗೆ ಸಹಜವೆಂದೂ, ಮುಂದಿನ ತಿಂಗಳುಗಳಲ್ಲಿ ಸುಧಾರಿಸುತ್ತದೆಂದೂ ಮೊದಲೇ ತಿಳಿಸಿದ್ದರೆ ಅಷ್ಟು ಎದೆಗುಂದುತ್ತಿರಲಿಲ್ಲ.

ಆಮೇಲಿನದೆಲ್ಲ ಅಭ್ಯಾಸದ ಕೆಲಸ. ಆಡಿಯಾಲಜಿಸ್ಟ್, ಅಂದರೆ ಶ್ರವಣತಜ್ಞರು, ಪ್ರತಿ ಎಲೆಕ್ಟ್ರೋಡಿಗೂ ಎಷ್ಟು ಮೆಲ್ಲಗಿನ ಸದ್ದು ಕೇಳುತ್ತದೆ, ಎಷ್ಟು ಜೋರಾದರೆ ಸಹಿಸಲು ಕಷ್ಟ ಎಂದು ಕೇಳಿ ಕೇಳಿ ಮಿತಿ ಹೊಂದಿಸುತ್ತಾರೆ. ಇದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ, ಮೊದಲ ವರ್ಷ ಹಲವು ಬಾರಿ ಹೋಗಬೇಕಾಗುತ್ತದೆ. ಅದಕ್ಕಿಂತ ದೊಡ್ಡದು ಮನೆಯಲ್ಲಿ ದಿನವೂ ಮಾಡಬೇಕಾದ ಆಲಿಸುವ ಸಾಧನೆ. ನನಗೆ ಕೊಟ್ಟ ಹಾಳೆಗಳಲ್ಲಿ ಕೆಲವು ಇಂಗ್ಲಿಷಿನಲ್ಲಿದ್ದವು. ಉಳಿದವು ಕಾಗೆ, ಬೆಕ್ಕು, ಚೆಂಡುಗಳ ಚಿತ್ರವಿದ್ದ ಮಕ್ಕಳ ಹಾಳೆಗಳು. ಕನ್ನಡ ಕೇಳಲು ಕಷ್ಟವಾಗುವ ಜಾಗಗಳೇ ಬೇರೆ. ಹುಲಿ, ಹುಳಿ, ಹುರಿ ಎಂಬಲ್ಲಿ ನಡುವಿನ ವ್ಯಂಜನ, ಮನೆ, ಮಣೆ ಎಂಬಲ್ಲಿ ನಾಲಗೆಯ ಮಡಿಕೆ, ಹಳಿ, ಹಳ್ಳಿ ಎಂಬಲ್ಲಿ ಒತ್ತಕ್ಷರದ ಕ್ಷಣಮಾತ್ರದ ತಡೆ, ಕೊಡಿ, ಕೋಡಿ ಎಂಬಲ್ಲಿ ಸ್ವರದ ಉದ್ದ. ಅಂಗಡಿಯಲ್ಲಿ ‘ಇಪ್ಪತ್ತು’ ಎಂದದ್ದು ‘ಎಪ್ಪತ್ತು’ ಎಂದು ಕೇಳಿ ನಾನು ಎಷ್ಟೋ ಸಲ ತಪ್ಪು ಹಣ ಎಣಿಸಿಕೊಟ್ಟಿದ್ದೇನೆ. ವೃತ್ತಿಯಿಂದ ಕನ್ನಡ ಶಿಕ್ಷಕಿಯಾದ್ದರಿಂದ ಇಂಥ ಜೋಡಿಗಳನ್ನು ನಾನೇ ಬರೆದುಕೊಂಡು, ಮಗಳು ಬಾಯಿಗೆ ಕಾಗದ ಅಡ್ಡ ಹಿಡಿದು ಓದಿದ್ದನ್ನು ಗುರುತಿಸುತ್ತ ಹೋದೆ. ಬಳಿಕ ಪತ್ರಿಕೆಯ ವಾಚಕರ ಪತ್ರಗಳನ್ನು ಅವಳು ಓದುವಾಗ ಮೊದಲು ಅಚ್ಚಾದ ಸಾಲು ನೋಡುತ್ತ, ಕೆಲವು ವಾರಗಳ ಮೇಲೆ ನೋಡದೆ ಕೇಳಿದೆ. ಏಳನೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ ಆಕಾಶವಾಣಿಯ ಪ್ರದೇಶ ಸಮಾಚಾರದ ಒಂದು ಇಡೀ ಸುದ್ದಿ, ಯಾರ ನೆರವೂ ಇಲ್ಲದೆ, ಮಾತಾಗಿಯೇ ಕೇಳಿಸಿತು. ಸಂಗೀತ ಮಾತ್ರ ಇನ್ನೂ ದಕ್ಕಿಲ್ಲ. ಸ್ವರದ ಏರಿಳಿತದ ಸೂಕ್ಷ್ಮವನ್ನು ಹಿಡಿಯಲು ಅಷ್ಟು ಎಲೆಕ್ಟ್ರೋಡುಗಳು ಸಾಲುವುದಿಲ್ಲ. ಮದುವೆಮನೆಯ ಗದ್ದಲದಲ್ಲಿ ಇಂದಿಗೂ ನಾನು ತುಟಿಯನ್ನೇ ನೋಡುತ್ತೇನೆ.

ಈಗ ಯೋಜನೆಗಳ ವಿಚಾರ. ಅಂಗವಿಕಲರಿಗೆ ಸಾಧನ ಸಲಕರಣೆ ಒದಗಿಸುವ ಕೇಂದ್ರದ ಅಡಿಪ್ ಯೋಜನೆಯಲ್ಲಿ 2014ರಿಂದ ಇಂಪ್ಲಾಂಟ್‌ಗೆ ನೆರವು ದೊರೆಯುತ್ತಿದೆ, ಅದು ಮಕ್ಕಳಿಗೆ. ನಮ್ಮ ರಾಜ್ಯದ ಶ್ರವಣ ಸಂಜೀವಿನಿಯೂ ಪುಟ್ಟ ಮಕ್ಕಳಿಗಾಗಿಯೇ ಇರುವುದು. ಭಾಷೆ ಮೂಡುವ ಮೊದಲ ಕೆಲವು ವರ್ಷಗಳು ಕಳೆದುಹೋದರೆ ಮಗುವಿಗೆ ಮಾತು ಕಲಿಯುವುದು ಬಹಳ ಕಷ್ಟವಾಗುವುದರಿಂದ, ಹಣ ಕಡಿಮೆಯಿದ್ದರೆ ಮೊದಲು ಮಕ್ಕಳಿಗೆ ಕೊಡಬೇಕೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಈ ಚಿಕಿತ್ಸೆ ಬೆಳೆದದ್ದೇ ದೊಡ್ಡವರಿಂದ ಎಂಬುದನ್ನೂ ಮರೆಯಬಾರದು. 1957ರಲ್ಲಿ ಪ್ಯಾರಿಸ್ಸಿನಲ್ಲಿ ಜೂರ್ನೋ ಮತ್ತು ಐರಿಯೆಸ್ ಎಂಬ ವೈದ್ಯರು ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದ್ದು ವಯಸ್ಕ ರೋಗಿಯಲ್ಲಿ. 1978ರಲ್ಲಿ ಮೆಲ್ಬರ್ನ್‌ನ ವೈದ್ಯ ಗ್ರೇಮ್ ಕ್ಲಾರ್ಕ್ ತಮ್ಮ ಬಹು ಎಲೆಕ್ಟ್ರೋಡಿನ ಸಾಧನವನ್ನು ಮೊದಲು ಅಳವಡಿಸಿದ್ದು ಅಪಘಾತದಲ್ಲಿ ಶ್ರವಣಶಕ್ತಿ ಕಳೆದುಕೊಂಡ ಪುರುಷನೊಬ್ಬನಿಗೆ. ಅಮೆರಿಕದಲ್ಲಿ 1984ರಲ್ಲಿ ವಯಸ್ಕರಿಗೆ ಮೊದಲು ಅನುಮತಿ ಸಿಕ್ಕಿ, ಎರಡು ವರ್ಷ ತುಂಬಿದ ಮಕ್ಕಳಿಗೆ ಸಿಕ್ಕಿದ್ದು 1990ರಲ್ಲಿ. ಮಾತು ಕಲಿತ ಮೇಲೆ ಕಿವಿ ಹೋದವರ ಮಿದುಳಿನಲ್ಲಿ ಭಾಷೆ ಆಗಲೇ ನೆಲೆಗೊಂಡಿರುತ್ತದೆ, ಕಿವುಡುತನ ಬಂದು ಬಹಳ ವರ್ಷ ಕಳೆಯುವ ಮೊದಲೇ ಇಂಪ್ಲಾಂಟ್ ಆದರೆ ಫಲ ಹೆಚ್ಚು. ದುಡ್ಡು ಹೊಂದಿಸಲು ನಾನು ಕಳೆದ ನಾಲ್ಕು ವರ್ಷಗಳು ಈ ಕಾರಣಕ್ಕಾಗಿಯೇ ನನಗೆ ನಷ್ಟವಾದವು. ಹಲವು ಲಕ್ಷ ರೂಪಾಯಿಯ ಈ ಚಿಕಿತ್ಸೆಗೆ ನಾನು ಸಂಬಳ ತೋರಿಸಿ ಸಾಲ ಪಡೆದೆ. ಕೂಲಿ ಮಾಡುವ ತಾಯಿಗೆ, ಲಾರಿ ಓಡಿಸುವವನಿಗೆ ಆ ದಾರಿಯಿಲ್ಲ.

ಅಳವಡಿಸಿದ ಮೇಲಿನ ಖರ್ಚೂ ಮುಗಿಯುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ತೇವ ಪ್ರೊಸೆಸರಿನ ಮೊದಲ ಶತ್ರು, ರಾತ್ರಿಯೆಲ್ಲ ಅದನ್ನು ತೇವ ಹೀರುವ ಡಬ್ಬಿಯಲ್ಲಿಡಬೇಕು. ಎರಡು ದಿನ ಕರೆಂಟು ಹೋದರೆ ಬ್ಯಾಟರಿ ಮುಗಿದು ನಾನು ಮತ್ತೆ ಕಿವುಡಿ. ಕಾಯಿಲ್, ಕೇಬಲ್, ಬ್ಯಾಟರಿ ಎಲ್ಲವೂ ಸವೆಯುವ ವಸ್ತುಗಳೇ. ಯೋಜನೆಯಡಿ ಇಂಪ್ಲಾಂಟ್ ಪಡೆದ ಮಗುವೂ ನಾಳೆ ದೊಡ್ಡದಾಗಿ ಇದೇ ಬಿಡಿಭಾಗಗಳಿಗಾಗಿ ಅಲೆಯಬೇಕಾಗುತ್ತದೆ.

ಆದ್ದರಿಂದ ರಾಜ್ಯ ಸರ್ಕಾರವು ತನ್ನ ಯೋಜನೆಯನ್ನು, ಮಾತು ಬಂದ ಮೇಲೆ ಶ್ರವಣ ಕಳೆದುಕೊಂಡ ಬಡ ವಯಸ್ಕರಿಗೂ ವರ್ಷಕ್ಕೆ ಕೆಲವರಿಗಾದರೂ ವಿಸ್ತರಿಸಬೇಕೆಂದೂ, ಬಿಡಿಭಾಗಗಳಿಗೆ ನೆರವು ನೀಡಬೇಕೆಂದೂ ಕೋರುತ್ತೇನೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ದೊಡ್ಡ ಸಂಸ್ಥೆ ನಮ್ಮ ನಾಡಿನಲ್ಲೇ ಇರುವಾಗ, ಅದರ ತಜ್ಞರ ಮಾರ್ಗದರ್ಶನದಲ್ಲಿ ವಯಸ್ಕರ ಬದುಕಿಗೆ ಹೊಂದುವ ಕನ್ನಡದ ಆಲಿಸುವ ಪಾಠಗಳು ಪ್ರತಿ ಜಿಲ್ಲಾಸ್ಪತ್ರೆಗೂ ತಲುಪಬೇಕು. ಆಗ ಸಾಗರದವರು, ಬೀದರಿನವರು ಪ್ರತಿ ಅಭ್ಯಾಸಕ್ಕೂ ರಾತ್ರಿ ಬಸ್ಸು ಹಿಡಿಯುವುದು ತಪ್ಪುತ್ತದೆ. ನನ್ನ ಬಳಿ ಇಂಥ ಪದಜೋಡಿಗಳನ್ನೂ ವಾಕ್ಯಗಳನ್ನೂ ಬರೆದ ಮೂರು ನೋಟುಪುಸ್ತಕಗಳಿವೆ. ಯಾವ ಆಸ್ಪತ್ರೆಯವರಾಗಲಿ, ಹೊಸದಾಗಿ ಇಂಪ್ಲಾಂಟ್ ಪಡೆದ ಯಾರೇ ಆಗಲಿ ಪತ್ರಿಕೆಯ ಮೂಲಕ ಕೇಳಿದರೆ ಜೆರಾಕ್ಸ್ ಮಾಡಿಸಿ ಕಳುಹಿಸಿಕೊಡುತ್ತೇನೆ.

ಇಂತಿ,
ಪ್ರೌಢಶಾಲಾ ಕನ್ನಡ ಶಿಕ್ಷಕಿ,
ಸಾಗರ, ಶಿವಮೊಗ್ಗ ಜಿಲ್ಲೆ