ಆ ಐದು ಚುಕ್ಕೆಗಳು

ಕಳೆದ ವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಐದೂವರೆ ವರ್ಷ ನನ್ನ ಕೈ ಬಿಡದ ಗೈಡ್ ಮೇಡಂ, ತಮ್ಮ ಜಿಸಿ (ಸ್ಯಾಂಪಲಿನಲ್ಲಿ ಏನೇನು ಎಷ್ಟಿದೆ ಎಂದು ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರ) ಸರದಿಯನ್ನು ಎಷ್ಟೋ ಸಲ ನನಗೆ ಬಿಟ್ಟುಕೊಟ್ಟ ಲ್ಯಾಬಿನ ಗೆಳೆಯರು, ಹಾಸ್ಟೆಲಿನ ಹುಡುಗಿಯರು, ಎಲ್ಲರಿಗೂ ಧನ್ಯವಾದ.

ಉಳಿದದ್ದೆಲ್ಲ ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ.

ನನ್ನ ಕೆಲಸ ಗೊತ್ತಲ್ವಾ, ಎಥೆನಾಲಿನಿಂದ ಬ್ಯೂಟನಾಲ್. ಎರಡು ಆಲ್ಕೋಹಾಲ್ ಅಣು ಸೇರಿ ಒಂದು ದೊಡ್ಡದಾಗುತ್ತದೆ, ನೀರು ಹೊರಬೀಳುತ್ತದೆ. ಫ್ರಾನ್ಸಿನ ಗೆರ್ಬೆ 1899ರಲ್ಲೇ ತೋರಿಸಿದ ದಾರಿ. ಅಪ್ಪನಿಗೆ ಹೀಗೆ ಹೇಳಿದ್ದೆ: "ನಿಮ್ಮ ಕಬ್ಬಿನ ಕಾಕಂಬಿಯಿಂದ ಎಥೆನಾಲ್ ಮಾಡ್ತಾರೆ. ಲೀಟರಿಗೆ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಶಕ್ತಿ ಅಷ್ಟೇ, ನೀರನ್ನೂ ಬೇಗ ಎಳ್ಕೊಳ್ಳುತ್ತೆ. ಬ್ಯೂಟನಾಲಿಗೆ ಶಕ್ತಿ ಜಾಸ್ತಿ, ನೀರಿನ ಕಾಟ ಕಮ್ಮಿ." ಈ ಕ್ರಿಯೆಯನ್ನು ಚುರುಕುಗೊಳಿಸುವ ನಮ್ಮ ವೇಗವರ್ಧಕ ಹೈಡ್ರಾಕ್ಸಿಅಪಟೈಟ್, ಮೂಳೆಯ ಖನಿಜದ ಜಾತಿಯದೇ ಎಂದಾಗ ಅಪ್ಪ ಮೊಣಕೈ ಮುಟ್ಟಿ ನೋಡಿಕೊಂಡಿದ್ದರು.

ಆ ದಿನ ದೀಪಾವಳಿ. ಅಣ್ಣನ ಡ್ಯೂಟಿ ಸಂಜೆ ಆರಕ್ಕೇ ಮುಗಿದಿತ್ತು. ನಾನೊಬ್ಬಳೇ ಇರುತ್ತೇನೆಂದು ಮನೆಗೆ ಹೋಗಿರಲಿಲ್ಲ. ಪ್ರಯೋಗದ ರನ್ 40 ಗಂಟೆ ದಾಟಿತ್ತು. ವೇಗವರ್ಧಕ ಎಷ್ಟು ಹೊತ್ತು ಬಾಳುತ್ತದೆ ಅನ್ನೋದೇ ನನ್ನ ಪ್ರಶ್ನೆ, ನಡುವೆ ನಿಲ್ಲಿಸುವ ಹಾಗಿಲ್ಲ. ಹತ್ತೂವರೆಗೆ ಊರಿಂದ ಫೋನ್ ಬಂತು. ಅಪ್ಪನ ಸ್ಥಿತಿ ಗಂಭೀರ ಎಂದು. 350 ಡಿಗ್ರಿ ತೋರಿಸುತ್ತಿದ್ದ ಕಂಟ್ರೋಲರ್ ಮುಂದೆ ಸುಮ್ನೆ ನಿಂತುಬಿಟ್ಟೆ.

"ಹೋಗಮ್ಮಾ, ಇದನ್ನ ನಾನು ನೋಡ್ಕೋತೀನಿ" ಎಂದು ಅಣ್ಣ ನನ್ನ ಬ್ಯಾಗ್ ತಂದುಕೊಟ್ಟರು. ಆಟೋ ಹತ್ತಿಸಿ, ಸ್ಯಾಟಲೈಟ್ ಬಸ್‌ಸ್ಟ್ಯಾಂಡಿಗೆ ಎಂದು ಹೇಳಿ, ಕೈಗೆ ದುಡ್ಡು ತುರುಕಿದರು.

ಅಪ್ಪ ನನ್ನ ಜೊತೆ ಎರಡು ಮಾತಾಡಿದರು. ಮುಂದಿನ ಬಸ್ ಹಿಡಿದಿದ್ದರೆ ಅವೂ ಸಿಗುತ್ತಿರಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

ತಿಥಿ ಮುಗಿಸಿ ಬಂದಾಗ ಫ್ರಿಜ್ಜಿನಲ್ಲಿ ಐದು ಸ್ಯಾಂಪಲ್ ಬಾಟಲಿ ಸಾಲಾಗಿದ್ದವು. ರಾತ್ರಿ 11, 1, 3, ಬೆಳಗಿನ 5, 7. ಪಕ್ಕದಲ್ಲಿ ಒಂದು ಹಾಳೆ. ಪ್ರತಿ ಹೊತ್ತಿನ ಉಷ್ಣತೆ, ಗ್ಯಾಸಿನ ಹರಿವು, ಎಲ್ಲ ಬರೆದಿದ್ದರು. ಮೂರು ಗಂಟೆಯ ಸಾಲಿನ ಮುಂದೆ ದುಂಡು ಅಕ್ಷರದಲ್ಲಿ: "ಐಸ್ ಖಾಲಿ. ಮೆಸ್ಸಿನಿಂದ ತಂದು ಹಾಕಿದೆ."

ಥೀಸಿಸಿನ ನಾಲ್ಕನೇ ಅಧ್ಯಾಯದ ಗ್ರಾಫಿನಲ್ಲಿ 41ನೇ ಗಂಟೆಯಿಂದ 49ರವರೆಗಿನ ಐದು ಚುಕ್ಕೆಗಳು ಅವೇ. ವೈವಾದಲ್ಲಿ ಆ ಗ್ರಾಫ್ ಬಂದಾಗ ಯಾರು ಹಿಡಿದ ಸ್ಯಾಂಪಲ್ ಎಂದು ಹೇಳಿದೆ. ಹಿಂದಿನ ಸಾಲಿನಲ್ಲಿ ಅಣ್ಣ ತಲೆ ತಗ್ಗಿಸಿಕೊಂಡರು.

ಅಣ್ಣಾ, ಆ ದೀಪಾವಳಿಗೆ ಮಕ್ಕಳು ನಿಮ್ಮ ದಾರಿ ಕಾಯ್ತಿದ್ದರು ಅಂತ ಅತ್ತಿಗೆ ಆಮೇಲೆ ಹೇಳಿದರು. ಬೈಂಡ್ ಆದ ಮೊದಲ ಪ್ರತಿ ನಿಮ್ಮದು. ಸೋಮವಾರ ಮನೆಗೆ ತರ್ತೀನಿ.