ಸಪಾಟು ದಾರಿ ಅಂತ ಸದರ ಮಾಡಬೇಡ ಪುಟ್ಟಾ

ಪ್ರೀತಿಯ ಪುಟ್ಟಾ,

ಬರುವ ತಿಂಗಳು ಎರಡನೇ ಶನಿವಾರ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಕಾಡಿಗೆ ಗೆಳೆಯರ ಜೊತೆ ಹೋಗ್ತೀನಿ ಅಂದೆ. ಕೇಳಿ ಖುಷಿಯಾಯ್ತು. ಆದರೆ ಫೋನಿನಲ್ಲಿ ನೀನು "ಕುಮಾರ ಪರ್ವತ ಹತ್ತಿದವನಿಗೆ ಇದೇನು ಮಹಾ, ಮಾವ" ಅಂದೆಯಲ್ಲ, ಅದಕ್ಕೇ ಈ ಪತ್ರ.

ಬೆಟ್ಟ ಹತ್ತುವಾಗ ಬೆಟ್ಟವೇ ನಿನಗೆ ಲೆಕ್ಕ ಹೇಳುತ್ತದೆ. ತುದಿ ಕಾಣುತ್ತದೆ, ಏದುಸಿರು ಬರುತ್ತದೆ, ಸಾಕು ಅನ್ನಿಸುತ್ತದೆ. ಸಪಾಟು ಕಾಡಿನಲ್ಲಿ ಇದ್ಯಾವುದೂ ಇಲ್ಲ. ಇನ್ನೊಂದು ಸ್ವಲ್ಪ, ಇನ್ನೊಂದು ಸ್ವಲ್ಪ ಅಂತ ಕಾಲು ಹೋಗುತ್ತಲೇ ಇರುತ್ತದೆ, ಅಷ್ಟೇ ದೂರ ವಾಪಸ್ ಬರಬೇಕು ಅನ್ನೋದು ನೆನಪಾಗುವಷ್ಟರಲ್ಲಿ ತಡವಾಗಿರುತ್ತದೆ. ನನಗೆ ಆದದ್ದೂ ಹಾಗೇ. ನಾನು ಹೋಗಿದ್ದೂ ನವೆಂಬರಿನಲ್ಲೇ. ಸಂಜೆ ಐದಕ್ಕೆಲ್ಲ ಕತ್ತಲೆ. ಮರದ ಮೇಲಿನ ಗುಲಾಬಿ ಬಣ್ಣದ ಪಟ್ಟಿ ನೋಡಿಕೊಂಡು ನಡೆಯಬೇಕಾದ ದಾರಿ ಅದು, ಮಬ್ಬಿನಲ್ಲಿ ಆ ಗುಲಾಬಿ ಬೂದಿಯ ಬಣ್ಣಕ್ಕೆ ತಿರುಗಿ ಕಾಣದೇ ಹೋಯಿತು. ಎಲ್ಲ ಕಡೆ ಒಂದೇ ಥರದ ಮರ, ಒಂದೇ ಥರದ ಮರಳು. ಟಾರ್ಚೂ ಇರಲಿಲ್ಲ. ಪ್ರತಿ ಮರದ ಹತ್ತಿರ ಹೋಗಿ ಕೈಯಿಂದ ತಡವಿ, ಮೊಬೈಲ್ ಬೆಳಕು ಬಿಟ್ಟು ಪಟ್ಟಿ ಹುಡುಕಿದ್ದೇನೆ. ಆ ಎರಡು ಗಂಟೆ ಇವತ್ತಿಗೂ ಮರೆತಿಲ್ಲ.

ನೀವು ಆರಿಸಿಕೊಂಡ ಜಾಗ ಒಳ್ಳೆಯದೇ. ಬಟೋನಾ ಟ್ರೇಲ್ ಅನ್ನೋ ಆ ಕಾಲುದಾರಿ ಪೂರ್ತಿ ಸುಮಾರು 53 ಮೈಲಿ, ನಿಮಗೆ ಬೇಕಿರೋದು ಕರಾಂಜಾ ಸ್ಮಾರಕದಿಂದ ಆ್ಯಪಲ್ ಪೈ ಹಿಲ್‌ವರೆಗಿನ ನಾಲ್ಕು ಮೈಲಿ ಮಾತ್ರ. ಹಿಲ್ ಅಂತ ಹೆಸರು, ಎತ್ತರ ಬರೀ 209 ಅಡಿ. ಹೋಗಿ ಬರೋಕೆ ಎಂಟು ಮೈಲಿ ಆಯ್ತು. ಮರಳಿನಲ್ಲಿ ಕಾಲು ಹೂತು ಹೂತು ಏಳುತ್ತದೆ, ಹಾಗಾಗಿ ಗಂಟೆಗೆ ಎರಡು ಮೈಲಿಗಿಂತ ಜಾಸ್ತಿ ಲೆಕ್ಕ ಹಾಕಬೇಡ. ಒಂಬತ್ತೂವರೆಗೆ ಹೊರಡಿ. ಹನ್ನೆರಡಕ್ಕೆ ಎಲ್ಲಿದ್ದರೂ ಸರಿ, ಗುಡ್ಡ ಕಣ್ಣೆದುರಿಗೇ ಇದ್ದರೂ ಸರಿ, ತಿರುಗಿಬಿಡಿ. ಇದನ್ನು ಕಾಡಿನೊಳಗೆ ಹೋಗಿ ಚರ್ಚೆ ಮಾಡೋದಲ್ಲ, ಕಾರಿಳಿಯುವ ಮುಂಚೆಯೇ ನಾಲ್ಕೂ ಜನ ಒಪ್ಪಿಕೊಂಡಿರಬೇಕು.

ಕಾರು ಸ್ಮಾರಕದ ಹತ್ತಿರವೇ ಬಿಡಿ, ಅಲ್ಲಿವರೆಗೆ ಟಾರು ಇದೆ. ಮ್ಯಾಪು ತೋರಿಸಿತು ಅಂತ ಮರಳು ದಾರಿಗೆ ಇಳಿಸಿದರೆ ಚಕ್ರ ಹೂತುಹೋಗುತ್ತದೆ. ಸಿಗ್ನಲ್ ನಂಬೋ ಹಾಗಿಲ್ಲ, ಮ್ಯಾಪು ಮನೆಯಲ್ಲೇ ಡೌನ್‌ಲೋಡ್ ಮಾಡಿಕೋ. ಸ್ಮಾರಕದ ಕಲ್ಲಿನ ಮುಂದೆ ಒಂದು ನಿಮಿಷ ನಿಲ್ಲು. 1928ರಲ್ಲಿ ನ್ಯೂಯಾರ್ಕಿನಿಂದ ಊರಿಗೆ ವಿಮಾನ ಹಾರಿಸಿಕೊಂಡು ಹೊರಟಿದ್ದ ಮೆಕ್ಸಿಕೋದ ಎಮಿಲಿಯೋ ಕರಾಂಜಾ ಅನ್ನೋ ಹುಡುಗ ಗುಡುಗು ಮಳೆಗೆ ಸಿಕ್ಕಿ ಇದೇ ಕಾಡಿನಲ್ಲಿ ಬಿದ್ದು ಸತ್ತ. ಆಗ ಅವನಿಗೆ ಇನ್ನೂ 22 ವರ್ಷ.

ಇನ್ನು ಉಣುಗು. ನಾವು ಮಲೆನಾಡಿನವರು, ಮಂಗನ ಕಾಯಿಲೆ ಕಂಡವರು, ನಮಗೆ ಬೇರೆಯವರು ಹೇಳಿಕೊಡಬೇಕಾ? ಇಲ್ಲಿ ಅದರಿಂದ ಬರೋದು ಲೈಮ್ ಕಾಯಿಲೆ. ಚಳಿ ಶುರುವಾಯ್ತು, ಇನ್ನೇನಿಲ್ಲ ಅಂದುಕೊಳ್ಳಬೇಡ, ದೊಡ್ಡ ಉಣುಗು ಜೋರಾಗಿ ಓಡಾಡೋದೇ ಅಕ್ಟೋಬರ್ ನವೆಂಬರಿನಲ್ಲಿ. ದೊಡ್ಡದು ಅಂದರೂ ಎಳ್ಳು ಕಾಳಿನಷ್ಟೇ. ತಿಳಿ ಬಣ್ಣದ ಉದ್ದ ಪ್ಯಾಂಟು ಹಾಕಿ ಕಾಲ್ಚೀಲದೊಳಗೆ ಸೇರಿಸು. ಮನೆಗೆ ಬಂದಮೇಲೆ ಬಟ್ಟೆ ನೇರ ಡ್ರೈಯರಿಗೆ, ನೀನು ನೇರ ಸ್ನಾನಕ್ಕೆ. ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂದೆ ಬೆರಳಾಡಿಸಿ ನೋಡಿಕೋ. ಕಚ್ಚಿದ್ದರೆ ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೆಟ್ಟಗೆ ಎಳೆ. ಎಣ್ಣೆ ಸುರಿಯೋದು, ಬೆಂಕಿಕಡ್ಡಿ ತಾಗಿಸೋದು ಬೇಡ.

ಅದು ಬೇಟೆಯ ಕಾಲವೂ ಹೌದು. ಬೇಟೆಗಾರರಿಗೆ ಎದ್ದು ಕಾಣೋ ಹಾಗೆ ಕಿತ್ತಳೆ ಬಣ್ಣದ ವೆಸ್ಟು ನಾಲ್ಕೂ ಜನರಿಗೆ ತಗೊಳ್ಳಿ.

ನೀರು ತಲೆಗೆ ಮೂರು ಲೀಟರ್. ಅಲ್ಲಿಯ ಹಳ್ಳದ ನೀರು ಟೀ ಡಿಕಾಕ್ಷನ್ ಹಾಗೆ ಕೆಂಪಗಿರುತ್ತದೆ, ಸೀಡರ್ ಮರದ ಒಗರು, ನೆಲದ ಕಬ್ಬಿಣ ಎರಡೂ ಸೇರಿ ಆ ಬಣ್ಣ. ನೋಡೋಕೆ ಚೆಂದ, ಹಾಗೇ ಕುಡಿಯಬೇಡ. ಊಟಕ್ಕೆ ಚಪಾತಿಗೆ ಚಟ್ನಿಪುಡಿ ತುಪ್ಪ ಸವರಿ ಸುರುಳಿ ಸುತ್ತಿಕೊಂಡು ಹೋಗು. ಒಲೆ ಬೆಂಕಿ ಏನೂ ಬೇಡ, ಆ ಕಾಡು ಸುಮ್ನೆ ಹತ್ತಿಕೊಳ್ಳುತ್ತದೆ.

ಸುಟ್ಟು ಕಪ್ಪಾದ ಪೈನ್ ಮರ ಕಂಡರೆ ಹತ್ತಿರ ಹೋಗಿ ನೋಡು. ತೊಗಟೆ ಇದ್ದಲಿನ ಹಾಗಿದ್ದರೂ ಅದರ ಬಿರುಕಿನಿಂದಲೇ ಹಸಿರು ಚಿಗುರು ಗೊಂಚಲಾಗಿ ಬಂದಿರುತ್ತದೆ. ಕೆಲವು ಮರದ ಕಾಯಿ ಅಂಟಿನಿಂದ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ, ಬೆಂಕಿಯ ಕಾವು ತಗುಲಿದರೇನೇ ಬಾಯಿ ಬಿಟ್ಟು ಬೀಜ ಉದುರಿಸೋದು. ನಾನಂತೂ ಅದನ್ನು ನೋಡೋಕೇ ಮತ್ತೆ ಮತ್ತೆ ಹೋಗಿದ್ದೇನೆ.

ವಾಪಸ್ ಕಾರಿಗೆ ಬಂದು ಸಿಗ್ನಲ್ ಸಿಕ್ಕಿದ ತಕ್ಷಣ ಒಂದು ಮೆಸೇಜ್ ಹಾಕು. ನಾಲ್ಕೂವರೆವರೆಗೆ ಕಾಯುತ್ತೇನೆ, ಬರದಿದ್ದರೆ ಕಾರು ತೆಗೆದುಕೊಂಡು ಹೊರಟುಬಿಡುತ್ತೇನೆ. ಟಾರ್ಚಿಗೆ ಹೊಸ ಬ್ಯಾಟರಿ ಹಾಕಿದ್ದೀಯಾ?

ಇಂತಿ,
ನಿನ್ನ ಮಾವ